ಬಾದಾಮಿಯಿಂದ ಐಹೊಳೆಗೆ ನಡೆದೇ ಹೋದವರು ಇದ್ದೀರಾ? ಅನುಭವ ಹೇಳಿ

ತುಮಕೂರಿನ ಮಗಳು:
ಡಿಸೆಂಬರ್ ಕೊನೆಯ ವಾರ ಅಮ್ಮನ ಜೊತೆ ಬಾದಾಮಿಗೆ ಹೊರಟಿದ್ದೇನೆ. ಅಮ್ಮನಿಗೆ 61. ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಒಂದು ಗಂಟೆ ನಡೆಯುತ್ತಾರೆ. ಬಾದಾಮಿಯಿಂದ ಗುಡ್ಡದ ದಾರಿಯಲ್ಲಿ ಮಹಾಕೂಟ, ಅಲ್ಲಿಂದ ಶಿವಯೋಗಮಂದಿರ, ಪಟ್ಟದಕಲ್ಲು, ಕೊನೆಗೆ ಐಹೊಳೆ. ಮೂರು ದಿನದಲ್ಲಿ ನಿಧಾನವಾಗಿ ನಡೆಯುವ ಆಸೆ. ರಾತ್ರಿ ಎಲ್ಲಿ ಉಳಿಯಬಹುದು? ಲಗೇಜ್ ಏನು ಮಾಡುವುದು? ನಡೆದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಕಾಲ್ನಡಿಗೆ:
ನಾನು ನಡೆದಿದ್ದೇನೆ. ಪೂರ್ತಿ. ಎಲ್ಲೂ ಗಾಡಿ ಹತ್ತಿಲ್ಲ.

ಮೊದಲು ಶೂ ಬಗ್ಗೆ ಹೇಳುತ್ತೇನೆ, ಯಾಕಂದ್ರೆ ನನಗೆ ಆದ ನಷ್ಟ ಯಾರಿಗೂ ಆಗಬಾರದು. 4,800 ರೂಪಾಯಿ ಕೊಟ್ಟು ಹೊಸ ಟ್ರೆಕ್ಕಿಂಗ್ ಶೂ ತೆಗೆದುಕೊಂಡೆ. ಬಾದಾಮಿಯ ಕೆಂಪು ಮರಳುಗಲ್ಲು ಮಧ್ಯಾಹ್ನದ ಹೊತ್ತಿಗೆ ಕಾದ ಹಂಚಿನ ಹಾಗೆ ಆಗುತ್ತದೆ. ಡಿಸೆಂಬರ್‌ನಲ್ಲೂ ಅಷ್ಟೇ. ಗುಡ್ಡ ಇಳಿಯುವಷ್ಟರಲ್ಲಿ ಬಲಗಾಲಿನ ಸೋಲ್ ಮುಂದಿನಿಂದ ಬಾಯಿ ಬಿಟ್ಟಿತು. ಲುಂಗಿಯ ಅಂಚು ಹರಿದು ಕಟ್ಟಿಕೊಂಡು ಮಹಾಕೂಟ ಮುಟ್ಟಿದೆ. ಅಲ್ಲಿ ಜಾತ್ರೆಗೆ ಬಂದಿದ್ದ ಒಬ್ಬರು ಚಪ್ಪಲಿ ಹೊಲಿಯುವವರು 150 ರೂಪಾಯಿಗೆ ಸೂಜಿ ದಾರ ಹಾಕಿ ಹೊಲಿದು ಕೊಟ್ಟರು. ಆ ಹೊಲಿಗೆ ಐಹೊಳೆವರೆಗೂ ಬಂತು. 4,800ರ ಅಂಟು ಬರಲಿಲ್ಲ. ಅಂಗಡಿಯವನು ದುಡ್ಡು ವಾಪಸ್ ಕೊಡಲಿಲ್ಲ, "ಬಂಡೆ ಮೇಲೆ ಹಾಕ್ಕೊಂಡು ಹೋಗೋ ಶೂ ಅಲ್ಲ ಇದು" ಅಂದ. ಡಬ್ಬಿ ಮೇಲೆ ಬೆಟ್ಟದ ಚಿತ್ರವೇ ಇತ್ತು!

ಆದರೆ ಆ ದಾರಿ! ಹಳೆಯ ಯಾತ್ರಿಕರ ದಾರಿ ಅದು. ಅಲ್ಲಲ್ಲಿ ಇನ್ನೂ ಕಲ್ಲು ಹಾಸಿದೆ. ಕೊನೆಗೆ ಮೆಟ್ಟಿಲು ಇಳಿದರೆ ಮಹಾಕೂಟದ ಗುಡಿಗಳ ಹಳೇ ಹೆಬ್ಬಾಗಿಲು, ಅದರ ಆಚೀಚೆ ಎಲುಬಿನ ಹಂದರದ ಎರಡು ಮೂರ್ತಿಗಳು. ವಾಹನದಲ್ಲಿ ಬಂದವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ನಡೆದು ಬಂದವನಿಗೆ ಮೊದಲು ಎದುರಾಗುವುದೇ ಅವು. ಒಳಗೆ ಹೋಗಿ ಪುಷ್ಕರಣಿಗೆ ಇಳಿದೆ. ಒರತೆಯ ನೀರು, ನಡುವೆ ಮಂಟಪದಲ್ಲಿ ಮುಖಲಿಂಗ. ಕಾಲಿನ ಉರಿಯೆಲ್ಲ ಹೋಯಿತು.

ಮೈಸೂರು ಮೇಷ್ಟ್ರು:
ನಾನು ಕಾರು ಮಾಡಿಕೊಂಡು ಹೋದವನು. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಬಾಡಿಗೆ 3,200, ಚಾಲಕರಿಗೆ ಬಾಟಾ 400, ಊಟ ನನ್ನದೇ. ಟಿಕೆಟ್ ಬೇರೆ: ಬಾದಾಮಿ ಗುಹೆಗಳಿಗೆ 25, ಪಟ್ಟದಕಲ್ಲಿಗೆ 40, ಐಹೊಳೆಗೆ 25. ಪೈಸೆ ಪೈಸೆ ಬರೆದಿಟ್ಟಿದ್ದೇನೆ.

ಪಟ್ಟದಕಲ್ಲಿನಿಂದ ಐಹೊಳೆಗೆ ಸುಮಾರು 13 ಕಿಲೋಮೀಟರ್. ಜಾಸ್ತಿ ಪಾಲು ಡಾಂಬರು ರಸ್ತೆ. ಅದರ ಮೇಲೆ ಬಿಸಿಲಲ್ಲಿ ನಡೆಯುವುದರಲ್ಲಿ ಏನು ಸಾಧನೆ? ಪಟ್ಟದಕಲ್ಲಿನಲ್ಲಿ ನಾನೇ ಕಣ್ಣಾರೆ ಕಂಡೆ. ಬೆನ್ನಿಗೆ ಚೀಲ ಹಾಕಿಕೊಂಡು ನಡೆದು ಬಂದ ನಾಲ್ಕು ಜನ ವಿರೂಪಾಕ್ಷ ಗುಡಿಯ ಮುಂದೆ ಹುಲ್ಲಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆ ಕೆತ್ತಿದ್ದಾರೆ. ಅದನ್ನು ನೋಡಲು ಕಣ್ಣಲ್ಲಿ ಶಕ್ತಿ ಉಳಿದಿರಬೇಕು.

ಐಹೊಳೆಯಲ್ಲೂ ಅಷ್ಟೇ. ಮೇಗುತಿ ಜೈನ ಗುಡಿ ಇರುವುದು ಗುಡ್ಡದ ಮೇಲೆ. ಸುಸ್ತಾದವರು ಕೆಳಗಿನ ದುರ್ಗ ಗುಡಿ ನೋಡಿ ಬಸ್ ಹತ್ತುತ್ತಾರೆ. ಮೇಗುತಿಯ ಗೋಡೆ ಮೇಲೆ 634ರ ರವಿಕೀರ್ತಿಯ ಶಾಸನ ಇದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು, ಕಾಳಿದಾಸ ಭಾರವಿಯರ ಹೆಸರು, ಎಲ್ಲ ಅದರಲ್ಲೇ ಇರುವುದು. ಅದನ್ನು ಬಿಟ್ಟು ಬಂದರೆ ಐಹೊಳೆಗೆ ಹೋದದ್ದು ಯಾಕೆ?

ಹುಬ್ಬಳ್ಳಿ ಕಾಲ್ನಡಿಗೆ:
ಮೇಷ್ಟ್ರೇ, ಗೊರಕೆ ಹೊಡೆದವರು ನಾವಲ್ಲ. ನಾನು ಮೇಗುತಿ ಹತ್ತಿದ್ದೇನೆ, ಹೊಲಿದ ಶೂನಲ್ಲೇ. ನೀವು ಸಿದ್ದನಕೊಳ್ಳ ನೋಡಿದಿರಾ? ಐಹೊಳೆ ಹತ್ತಿರದ ಕಮರಿಯಲ್ಲಿ ಒರತೆ, ಗುಡಿ, ಲಜ್ಜಾಗೌರಿ ದೇವಿಯ ಮೂರ್ತಿ. ಪಟ್ಟದಕಲ್ಲಿಗೆ ಒಂದು ಕಿಲೋಮೀಟರ್ ಮೊದಲೇ ಬಾದಾಮಿ ರಸ್ತೆಯಲ್ಲಿ ರಾಷ್ಟ್ರಕೂಟರ ಕಾಲದ ಬಸದಿ ಇದೆ. ನಿಮ್ಮ ಕಾರು ಅಲ್ಲಿ ನಿಂತಿತ್ತಾ? ಕಿಟಕಿ ಗಾಜಿನೊಳಗಿಂದ ನೋಡಿ ಬಂದು ನಮಗೆ ಇತಿಹಾಸ ಹೇಳಬೇಡಿ.

ಮೈಸೂರು ಮೇಷ್ಟ್ರು:
ಬಸದಿ ಮುಂದೆ ಕಾರು ನಿಂತಿತ್ತು. ಅರ್ಧ ಗಂಟೆ. ಮಾತು ಹಿಡಿತದಲ್ಲಿರಲಿ.

ಶಿವಮೊಗ್ಗದ ಮಂಡಿ:
ಇಬ್ಬರೂ ಜಗಳ ಬಿಡಿ. ನಡೆದು ಮಂಡಿ ಕಳೆದುಕೊಂಡವನ ಮಾತೂ ಕೇಳಿ. ಮಹಾಕೂಟಕ್ಕೆ ಗುಡ್ಡ ಇಳಿಯುವಾಗ ಎಡ ಮಂಡಿಯೊಳಗೆ ಟಕ್ ಅಂತ ಸದ್ದಾಯಿತು. ನೋವು ನುಂಗಿಕೊಂಡು ಶಿವಯೋಗಮಂದಿರದವರೆಗೆ ಕುಂಟಿದೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭೆ ದಂಡೆಯಲ್ಲಿ ಕಟ್ಟಿದ ಜಾಗ. ಅಲ್ಲಿನ ಪ್ರಸಾದ, ಆ ನೆರಳು, ಅದನ್ನು ಮರೆಯುವುದಿಲ್ಲ. ಅಲ್ಲಿಂದ ಮುಂದೆ ಆಗಲಿಲ್ಲ, ಆಟೋ ಹಿಡಿದು ಬಾದಾಮಿಗೆ ವಾಪಸ್. 600 ಕೇಳಿದ, 500ಕ್ಕೆ ಬಂದ.

ಊರಿಗೆ ಬಂದ ಮೇಲಿನ ಲೆಕ್ಕ ಕೇಳಿ. ಮೂಳೆ ಡಾಕ್ಟರ್ ಫೀಸು 700. ಎಕ್ಸ್‌ರೇ 450, ಏನೂ ಕಾಣಲಿಲ್ಲ. ಎಂಆರ್‌ಐ 6,500, ಆಗ ಕಾಣಿಸಿತು. ಫಿಸಿಯೋಥೆರಪಿ ಒಂದು ಸಲಕ್ಕೆ 400, ಆರು ವಾರ. ಮಂಡಿ ಪಟ್ಟಿ 1,100. ಈಗಲೂ ಕೆಳಗೆ ಕೂತು ಊಟ ಮಾಡಲು ಆಗುವುದಿಲ್ಲ. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಹೊರೆ ಜಾಸ್ತಿ. ಕೆರೆ ಏರಿ ಸಮತಟ್ಟಾಗಿರುತ್ತದೆ ತಂಗಿ, ಇದು ಹಾಗಲ್ಲ. ಅಮ್ಮನ ಕೈಗೆ ಒಂದು ಕೋಲು ಕೊಡಿ.

ಬೆಂಗಳೂರು ವೀಕೆಂಡ್:
ನಮ್ಮ ಗುಂಪು ಊರಿನ ಒಬ್ಬ ಹುಡುಗನನ್ನು ದಾರಿ ತೋರಿಸಲು ಕರೆದುಕೊಂಡಿತ್ತು. 800 ಅಂತ ಮಾತಾಗಿತ್ತು. ಮಹಾಕೂಟ ಮುಟ್ಟಿದ ಮೇಲೆ 1,500 ಕೇಳಿದ. ವಾಪಸ್ ನಡೆಯುವ ದುಡ್ಡಂತೆ! ಅರ್ಧ ಗಂಟೆ ವಾದ. ಕೊನೆಗೆ 1,000 ಕೊಟ್ಟೆವು. ಮೊದಲೇ ಬರೆದುಕೊಂಡು ಹೋಗಿ. ಮತ್ತೆ ಡಿಸೆಂಬರ್ ಯಾಕೆ? ಮಳೆಗಾಲದಲ್ಲಿ ಹೋಗಿ, ಎಲ್ಲ ಹಸಿರು, ಅಕ್ಕ ತಂಗಿ ಜಲಪಾತ ಧುಮುಕುತ್ತಿರುತ್ತದೆ, ಬಿಸಿಲಿನ ಕಾಟವೇ ಇಲ್ಲ.

ಗುಳೇದಗುಡ್ಡದವಳು:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಸಿಟ್ಟು ಬಂತು.

ಆ ಹುಡುಗ ನಿಮ್ಮನ್ನು ಬಿಟ್ಟು ಅದೇ ಗುಡ್ಡ ಮತ್ತೆ ಹತ್ತಿ ಮನೆಗೆ ಹೋಗಬೇಕಲ್ವಾ? ಒಂದು ದಿನದ ಕೂಲಿ ಹೋಯಿತು. ಒಬ್ಬರೇ ಕೊಟ್ಟದ್ದಲ್ಲ, ಗುಂಪಿನಲ್ಲಿ ಹಂಚಿಕೊಂಡು 1,000 ಕೊಟ್ಟು ಅದನ್ನು ಇಲ್ಲಿ ದೂರು ಹೇಳುತ್ತೀರಲ್ಲ!

ಮಳೆಗಾಲ ಅನ್ನುವವರು 2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳೊಳಗೇ ನುಗ್ಗಿದ್ದಳು. ನಮ್ಮ ನೆಂಟರ ಮನೆ ಗೋಡೆ ಬಿತ್ತು. ಎರಡು ಎಮ್ಮೆ ಹೋದವು, ಒಂದಕ್ಕೆ 70,000 ಕೊಟ್ಟಿದ್ದರು. ಪರಿಹಾರಕ್ಕೆ ಎಷ್ಟು ಸಲ ಅಲೆದರು ಅಂತ ಕೇಳಲೇಬೇಡಿ. ನಿಮಗೆ ಹಸಿರು ಕಾಣುತ್ತದೆ. ನಮಗೆ ಹೊಳೆ ಕಾಣುತ್ತದೆ.

ನಡೆಯುವುದು ನಮಗೆ ಹೊಸದಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಜನ ಊರೂರಿಂದ ನಡೆದೇ ಬರುತ್ತಾರೆ. ನಮ್ಮವ್ವ 70 ದಾಟಿದ ಮೇಲೂ ಬರಿಗಾಲಲ್ಲಿ ನಡೆದಳು. ಅಲ್ಲಿ ಗಿಡದ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಡಿಗೆ ಮೊಸರು ತಿನ್ನಿ. ಅದರಲ್ಲೂ ಚೌಕಾಸಿ ಮಾಡುವವರನ್ನು ಕಂಡಿದ್ದೇನೆ.

ಮತ್ತೊಂದು. ಡಿಸೆಂಬರ್‌ನಲ್ಲಿ ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ. ಫೋನಿನ ನಕ್ಷೆ ತೋರಿಸಿತು ಅಂತ ಹೊಲದ ನಡುವೆ ನುಗ್ಗಬೇಡಿ. ಬದುವಿನ ಮೇಲೆ ನಡೆಯಿರಿ. ಕೇಳಿದರೆ ರೈತರೇ ದಾರಿ ತೋರಿಸುತ್ತಾರೆ, ಸೀತನಿ (ಎಳೆ ಜೋಳದ ತೆನೆ) ಸುಟ್ಟಿದ್ದರೆ ಕೈ ತುಂಬ ಕೊಡುತ್ತಾರೆ.

ಬೆಂಗಳೂರು ವೀಕೆಂಡ್:
ಮೇಡಂ, ಪ್ರವಾಹದ ವಿಷಯಕ್ಕೆ ನಾನೇನೂ ಹಗುರವಾಗಿ ಮಾತಾಡಿಲ್ಲ. ಆದರೆ ಮಾತಾದ ದುಡ್ಡಿಗಿಂತ ಜಾಸ್ತಿ ಕೇಳಿದ್ದು ಕೇಳಿದ್ದೇ.

ಗುಳೇದಗುಡ್ಡದವಳು:
ವಾಪಸ್ ಬರುವುದನ್ನು ಮಾತಿನಲ್ಲಿ ಸೇರಿಸಿದ್ದಿರಾ? ಅಷ್ಟು ಹೇಳಿ.

ತುಮಕೂರಿನ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಕೋಲು ಖಂಡಿತ ತರುತ್ತೇನೆ. ಆದರೆ ಲಗೇಜ್ ಮತ್ತು ರಾತ್ರಿ ಉಳಿಯುವ ವಿಷಯ ಯಾರೂ ಹೇಳಲಿಲ್ಲ.

ಗುಳೇದಗುಡ್ಡದವಳು:
ದೊಡ್ಡ ಚೀಲ ಬಾದಾಮಿಯ ಲಾಡ್ಜಿನಲ್ಲೇ ಬಿಡಿ. ಬೆನ್ನಿಗೆ ಒಂದು ಜೊತೆ ಬಟ್ಟೆ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಸಾಕು. ಗುಡ್ಡದ ಮೇಲೆ ನೀರು ಸಿಗುವುದಿಲ್ಲ. ತಿಂಡಿ ಕೈಯಲ್ಲಿ ಹಿಡಿಯಬೇಡಿ, ಬಾದಾಮಿಯ ಮಂಗಗಳು ಚೀಲಕ್ಕೇ ಕೈ ಹಾಕುತ್ತವೆ. ಮೊದಲ ದಿನ ಮಹಾಕೂಟ ನೋಡಿ ಸಂಜೆ ಗಾಡಿಯಲ್ಲಿ ಬಾದಾಮಿಗೇ ಬಂದು ಮಲಗಿ. ಎರಡನೇ ದಿನ ಬಿಟ್ಟಲ್ಲಿಂದ ಶುರು ಮಾಡಿ. ಪಟ್ಟದಕಲ್ಲಿನಲ್ಲಿ ಉಳಿಯುವುದು ಕಷ್ಟ, ಆ ರಾತ್ರಿಯೂ ಬಾದಾಮಿಯೇ ಒಳ್ಳೆಯದು. ಐಹೊಳೆಯಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಇದೆ, ಮೊದಲೇ ಕೋಣೆ ಹಿಡಿಯಿರಿ. ಮರುದಿನ ಐಹೊಳೆಯಿಂದ ಅಮೀನಗಡಕ್ಕೆ ಹೋಗಿ. ಹತ್ತಿರವೇ, ಅಲ್ಲಿ ಬಸ್ಸು ಜಾಸ್ತಿ. ಅಲ್ಲಿನ ಸಿಹಿ ತಿಂಡಿ ಕರದಂಟು ತೆಗೆದುಕೊಳ್ಳುವುದನ್ನು ಮರೆಯಬೇಡಿ.

ಮೈಸೂರು ಮೇಷ್ಟ್ರು:
ಗಾಡಿಯಲ್ಲಿ ಬಂದು ಬಾದಾಮಿಯಲ್ಲಿ ಮಲಗಿ ಅಂತ ಊರಿನವರೇ ಹೇಳಿದರು. ನಾನು ಹೇಳಿದ್ದೂ ಅದೇ ಅಲ್ವಾ?

ಹುಬ್ಬಳ್ಳಿ ಕಾಲ್ನಡಿಗೆ:
ಅಲ್ಲ. ಮಲಗಲು ಗಾಡಿ ಬೇರೆ, ನೋಡಲು ಗಾಡಿ ಬೇರೆ.

ಮತ್ತೆ, ಕರದಂಟು ಅಂದರೆ ಗೋಕಾಕದ್ದು. ಅಮೀನಗಡದ್ದು ನನಗೆ ಸಿಹಿ ಜಾಸ್ತಿ ಅನ್ನಿಸಿತು. ಕಾಲು ಕಿಲೋ ತಂದಿದ್ದೆ, ಮನೆಯಲ್ಲಿ ಯಾರೂ ಮುಗಿಸಲಿಲ್ಲ.

ಗುಳೇದಗುಡ್ಡದವಳು:
ಅಣ್ಣಾ, ಶೂ ಮಾತು, ದಾರಿ ಮಾತು ಎಲ್ಲ ಒಪ್ಪಿದೆ. ಇದನ್ನು ಮಾತ್ರ ಒಪ್ಪುವುದಿಲ್ಲ. ಯಾವ ಅಂಗಡಿಯಲ್ಲಿ ತಗೊಂಡ್ರಿ? ತಿನ್ನುವ ಅಂಟು ಕಡಿಮೆ, ಒಣಹಣ್ಣು ಕಡಿಮೆ, ಬೆಲ್ಲವೇ ಜಾಸ್ತಿ ಇರುವ ಸರಕನ್ನು ಬಸ್‌ಸ್ಟ್ಯಾಂಡ್ ಹೊರಗೆ ಮಾರುತ್ತಾರೆ. ಅದನ್ನು ತಿಂದು ಅಮೀನಗಡದ ಹೆಸರು ಕೆಡಿಸಬೇಡಿ.