ಸ್ಟೇಷನ್ ಕಾಲುದಾರಿಗೆ ದೀಪ: ಅರ್ಜಿ ಯಾರಿಗೆ ಬರೆಯೋಣ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬಡಾವಣೆಯ ಹಿಂದಿನಿಂದ ಸಾವರ್ಡೆ-ಕುಡಚಡೆ ಸ್ಟೇಷನ್ನಿಗೆ ಹೋಗುವ ಕಾಲುದಾರಿಯಲ್ಲಿ ಒಂದೂ ದೀಪ ಇಲ್ಲ. ಮಳೆಗಾಲ ಬಂದರೆ ಕೆಸರೂ ಉಂಟು, ಹಾವೂ ಉಂಟು. ಭಾನುವಾರ ಅರ್ಜಿಗೆ ಸಹಿ ಹಾಕಿಸೋಣ. ಯಾರಿಗೆ ಬರೆಯಬೇಕು, ಹೇಳಿ.

ಮೂಲೆ ಮನೆ: ಕೊಂಕಣ ರೈಲ್ವೆಗೆ ಬರೆದರೆ ಆಯ್ತಲ್ಲ?

ಟ್ಯಾಂಕ್ ಎದುರಿನ ಮನೆ: ಅಲ್ಲ ಸಾರ್. ಕೊಂಕಣ ರೈಲ್ವೆ ನಮಗೆ ಸಿಗುವುದು ಮಡಗಾಂವ್‌ನಲ್ಲಿ. ನಮ್ಮದು ವಾಸ್ಕೋ-ಲೋಂಡಾ ಲೈನು. ನೈಋತ್ಯ ರೈಲ್ವೆ, ಹುಬ್ಬಳ್ಳಿ ವಿಭಾಗ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಗೋವಾದಲ್ಲಿ ಕೂತು ಈ ಭಾಗ್ಯ ಇನ್ಯಾವ ಕೆಲಸಕ್ಕೆ ಸಿಗುತ್ತೆ?

ಸ್ಟೇಷನ್ನಿನ ಹಳೇ ಕಥೆಯನ್ನೂ ಅರ್ಜಿಗೆ ಸೇರಿಸಿ. ಕೊಂಕಣ ರೈಲ್ವೆ ಪೂರ್ತಿ ಶುರುವಾಗಿದ್ದು 1998ರಲ್ಲಿ. ಈ ಲೈನು ಅದಕ್ಕಿಂತ ನೂರು ವರ್ಷಕ್ಕೂ ಹಳೆಯದು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದ ಆಯಿತು. ಹಳಿ ಹಾಕಿದ್ದು ಲಂಡನ್ನಿನ ಕಂಪನಿ, ಅದರ ಲಾಭಕ್ಕೆ ಗ್ಯಾರಂಟಿ ನಿಂತಿದ್ದು ಪೋರ್ಚುಗಲ್ ಸರ್ಕಾರ. 1887ರಲ್ಲಿ ಮುರಗಾಂವ್ ಬಂದರಿನಿಂದ ಸಾವರ್ಡೆವರೆಗೆ ಮೀಟರ್ ಗೇಜ್ ಗಾಡಿ ಬಂತು. ಮರುವರ್ಷ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮುಟ್ಟಿತು. ಆಗ ಅದು ಎರಡು ದೇಶಗಳ ಗಡಿ! ಈ ಕಡೆ ಕುಳೆಂನಲ್ಲಿ ಪೋರ್ಚುಗೀಸ್ ಸುಂಕದವರು ಪೆಟ್ಟಿಗೆ ಬಿಚ್ಚಿಸುತ್ತಿದ್ದರು. 1955ರಲ್ಲಿ ಗಡಿ ದಾಟುವ ರೈಲು ನಿಂತೇ ಹೋಯಿತು. ಗೋವಾ ಬಿಡುಗಡೆ ಆಗಿದ್ದು 1961ರ ಡಿಸೆಂಬರ್‌ನಲ್ಲಿ.

ಮೂಲೆ ಮನೆ: ದೀಪ ಕೇಳೋದಕ್ಕೆ ಪೋರ್ಚುಗೀಸರು ಯಾಕೆ ಬೇಕು ಸಾರ್ 😀

ಟ್ಯಾಂಕ್ ಎದುರಿನ ಮನೆ: ಹಳೇ ಸ್ಟೇಷನ್ ಅಂದರೆ ಓದುವವರು ಒಂದು ಕ್ಷಣ ನಿಲ್ಲುತ್ತಾರೆ.

ಗದಗಿನ ಅಕ್ಕ: ನನಗನ್ನಿಸುವುದು, ಘಟ್ಟದ ವಿಷಯ ಜಾಸ್ತಿ ಉಪಯೋಗ. ಕುಳೆಂ-ಕ್ಯಾಸಲ್‌ರಾಕ್ ನಡುವಿನ ಏರು 37ಕ್ಕೆ 1, ಅಂದರೆ 37 ಅಡಿ ಮುಂದೆ ಹೋದರೆ 1 ಅಡಿ ಮೇಲಕ್ಕೆ. ಹತ್ತುವಾಗ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಹಾಕಬೇಕು, ಇಳಿಯುವಾಗ ನಿಧಾನ. ಮಳೆಗಾಲದಲ್ಲಿ ಮಣ್ಣು ಕುಸಿದರೆ ಕೇಳುವುದೇ ಬೇಡ. 2024ರ ಆಗಸ್ಟ್‌ನಲ್ಲಿ ದೂಧಸಾಗರದ ಹತ್ತಿರ ಗೂಡ್ಸ್ ಹಳಿ ತಪ್ಪಿದಾಗ ಎಷ್ಟೋ ಗಾಡಿ ರದ್ದಾದವು, ದಾರಿ ಬದಲಾದವು. ಅಂದರೆ ಊರಿಂದ ಬರುವವರು ಇಲ್ಲಿ ಇಳಿಯುವ ಹೊತ್ತು ಟೈಮ್‌ಟೇಬಲ್ಲಿನಲ್ಲಿ ಇರುವುದಿಲ್ಲ. ಸಂಜೆಯ ಗಾಡಿ ರಾತ್ರಿ ಬಂದರೆ ಹೆಂಗಸರು, ಮಕ್ಕಳು ಆ ದಾರೀಲೇ ನಡೆಯಬೇಕು. ದೀಪ ಬೇಕಾಗಿರುವುದು ಅದಕ್ಕೆ.

ಅಡ್ಮಿನ್: ಇದು ಸರಿ. ಇದನ್ನೇ ಮೊದಲ ಪ್ಯಾರಾ ಮಾಡೋಣ.

ಕೊನೇ ಸಾಲು, ಬಾಡಿಗೆದಾರ: ಒಂದು ಮಾತು. ಆ ಜಾಗ ಯಾರದ್ದು? ರೈಲ್ವೆ ಗಡಿಯ ಒಳಗಿದ್ದರೆ ಹುಬ್ಬಳ್ಳಿ, ಹೊರಗಿದ್ದರೆ ಇಲ್ಲಿನ ಪುರಸಭೆ. ತಿಳಿಯದೆ ಬರೆದರೆ ಇಬ್ಬರೂ "ನಮ್ಮದಲ್ಲ" ಅಂತಾರೆ, ಸುಮ್ನೆ ಓಡಾಟ. ಸರ್ವೆ ನಂಬರ್ ಹಿಡಿದು ಫಾರ್ಮ್ 1 ಮತ್ತು 14 ತೆಗೆಸಿ. ಜಾಗ ಯಾರ ಹೆಸರಲ್ಲಿದೆ ಅಂತ ಅದರಲ್ಲೇ ಇರುತ್ತೆ.

ಮೂಲೆ ಮನೆ: ಅದರಲ್ಲೂ ಗೊಂದಲ ಇದ್ದರೆ?

ಕೊನೇ ಸಾಲು, ಬಾಡಿಗೆದಾರ: ಮಾಹಿತಿ ಹಕ್ಕಿನಲ್ಲಿ ರೈಲ್ವೆಗೆ ಕೇಳೋಣ. 10 ರೂಪಾಯಿ ಫೀ, 30 ದಿನದಲ್ಲಿ ಉತ್ತರ ಕೊಡಬೇಕು. "ದೀಪ ಯಾಕಿಲ್ಲ" ಅಂತ ಕೇಳಬೇಡಿ, "ಗಡಿಯ ನಕ್ಷೆ ಕೊಡಿ" ಅಂತ ಕೇಳಿ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಕಾಗದ, ಕಾರಣ ಅಲ್ಲ.

ಗದಗಿನ ಅಕ್ಕ: ಅಲ್ಲಿವರೆಗೆ ರೈಲ್ವೆ ಸಹಾಯವಾಣಿ 139ಕ್ಕೂ ಒಂದು ದೂರು ಹೋಗಲಿ. ನಂಬರ್ ಕೊಡುತ್ತಾರೆ, ಅದನ್ನ ಅರ್ಜಿಯಲ್ಲಿ ಬರೆಯಬಹುದು.

ಅಡ್ಮಿನ್: ಹಾಗಾದರೆ ಭಾನುವಾರದ ಸಹಿ ಮುಂದಕ್ಕೆ, ಮೊದಲು ಫಾರ್ಮ್. ಸೋಮವಾರ ನಾನೇ ಹೋಗುತ್ತೇನೆ. ದಾರಿಯ ಫೋಟೋ ಹಗಲಲ್ಲಿ ಒಂದು, ರಾತ್ರಿ ಒಂದು ಹಾಕಿ, ಯಾರ ಮುಖವೂ ಬೇಡ. ಅರ್ಜಿ ಕನ್ನಡದಲ್ಲಿ ಅಕ್ಕ ಬರೆಯಲಿ, ಕೊಂಕಣಿ ಪ್ರತಿಗೆ ಯಾರಾದರೂ ಕೈ ಎತ್ತಿ. ಟ್ಯಾಂಕ್ ಎದುರಿನವರೇ, 1887ಕ್ಕೆ ಒಂದು ಸಾಲು ಕೊಡುತ್ತೇನೆ.

ಟ್ಯಾಂಕ್ ಎದುರಿನ ಮನೆ: ಎರಡು ಸಾಲು ಕೊಡಿ.