ಹಳೆ ಬುಲೆಟ್ 350 ಕ್ರ್ಯಾಂಕ್‌ಕೇಸ್ ಜೋಡಿಸುವಾಗ ಯಾವ ಸೀಲೆಂಟ್, ಎಲ್ಲಿ, ಎಷ್ಟು?

ಗುಡುಗುಡು_350
80ರ ದಶಕದ ಬುಲೆಟ್ 350. ಎರಕದ ಕಬ್ಬಿಣದ ಬ್ಲಾಕ್ (ಸಿಲಿಂಡರ್), ನಾಲ್ಕು ಗೇರ್. ಎಂಜಿನ್ ಪೂರ್ತಿ ಬಿಚ್ಚಿಟ್ಟಿದೆ, ಬೇರಿಂಗ್ ಮತ್ತು ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ತುದಿ) ಬುಷ್ ಹೊಸದು. ಕ್ರ್ಯಾಂಕ್‌ಕೇಸಿನ (ಕ್ರ್ಯಾಂಕ್ ಕೂರುವ ಎಂಜಿನ್ ಪೆಟ್ಟಿಗೆ) ಎರಡು ಹೋಳುಗಳ ನಡುವೆ ಪ್ಯಾಕಿಂಗ್ (ಗ್ಯಾಸ್ಕೆಟ್) ಬರುವುದಿಲ್ಲ, ಬರೀ ಸೀಲೆಂಟ್. ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಒಬ್ಬರು ಅನಾಬಾಂಡ್ ಸಿಲಿಕೋನ್ ಅಂತಾರೆ, ಇನ್ನೊಬ್ಬರು ಲಾಕ್‌ಟೈಟ್, ಮತ್ತೊಬ್ಬರು ಶೆಲಾಕ್ (ಅರಗಿನ ವಾರ್ನಿಷ್). ಯಾವುದು ಸರಿ? ಟೈಮಿಂಗ್ ಕವರ್, ಬ್ಲಾಕಿನ ಬುಡ, ಹೆಡ್ ಇವಕ್ಕೂ ಹಚ್ಚಬೇಕಾ?

ಕಾರ್ಕ್_ವಾಷರ್
ಕ್ರ್ಯಾಂಕ್‌ಕೇಸಿಗೆ ಲಾಕ್‌ಟೈಟ್ 518 ಅಥವಾ ಅದೇ ಜಾತಿಯ ಅನೇರೋಬಿಕ್ ಸೀಲೆಂಟ್ ತಗೊಳ್ಳಿ. ಗಾಳಿ ಸಿಗದ ಕಡೆ, ಲೋಹ ತಾಗಿದಲ್ಲಿ ಮಾತ್ರ ಗಟ್ಟಿಯಾಗುವ ಮಾಲು ಅದು. ಟ್ಯೂಬ್ ಅರೆಬರೆ ತುಂಬಿದಂತೆ ಕಾಣುವುದೂ ಅದಕ್ಕೇ, ಒಳಗೆ ಗಾಳಿ ಇರಬೇಕು. ಅಂಗಡಿಯವನು ಕಡಿಮೆ ಕೊಟ್ಟ ಅಂದುಕೊಳ್ಳಬೇಡಿ. ಬೋಲ್ಟ್ ಬಿಗಿದಾಗ ಹೊರಗೆ ಉಕ್ಕಿದ್ದು ಒದ್ದೆಯಾಗೇ ಉಳಿಯುತ್ತದೆ, ಬಟ್ಟೆಯಲ್ಲಿ ಒರೆಸಿದರಾಯಿತು. ಒಳಗೆ ಉಕ್ಕಿದ್ದೂ ಹಾಗೇ, ಆಯಿಲ್‌ನಲ್ಲಿ ಬೆರೆತು ಹೋಗುತ್ತದೆ.

ಸಿಲಿಕೋನ್ ಹಾಗಲ್ಲ. ಒಳಗೆ ಉಕ್ಕಿದ್ದು ರಬ್ಬರ್ ಹುಳದ ಥರ ಗಟ್ಟಿಯಾಗಿ, ಒಂದು ದಿನ ಕಿತ್ತುಕೊಂಡು ಆಯಿಲ್ ಜೊತೆ ಹೊರಡುತ್ತದೆ. ಈ ಎಂಜಿನ್ನಿನ ಪಂಪಿನದು ದೊಡ್ಡ ಒತ್ತಡವೇನೂ ಅಲ್ಲ, ಒಂದು ಚೂರು ದಾರಿಗೆ ಅಡ್ಡ ಬಂದರೆ ತಳ್ಳಿಕೊಂಡು ಹೋಗಲಾರದು. ಹಳೆಯ ಬಿಗ್ ಎಂಡ್ ಫ್ಲೋಟಿಂಗ್ ಬುಷ್ (ಆಯಿಲ್ ಪದರದ ಮೇಲೆ ತೇಲುವ ಬುಷ್), ಆಯಿಲ್ ತಪ್ಪಿದರೆ ಹೆಚ್ಚು ಹೊತ್ತು ತಾಳುವುದಿಲ್ಲ. ನೀವು ಹೊಸದು ಹಾಕಿದ್ದೀರಿ, ಅದನ್ನು ಸಿಲಿಕೋನಿನ ಕೈಗೆ ಕೊಡಬೇಡಿ.

ಹಚ್ಚುವ ಮೊದಲು ಹಳೆಯದನ್ನೆಲ್ಲ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ, ಸ್ಕ್ರೂಡ್ರೈವರ್ ಬೇಡ. ಒಂದೇ ಒಂದು ಗೀರು ಹೊರಗಂಚಿನ ತನಕ ಹೋದರೂ ಅದೇ ಲೀಕಿನ ದಾರಿ. ಆಮೇಲೆ ತಿನ್ನರ್‌ನಿಂದ ಒರೆಸಿ, ಒಣಗಲಿ. ಜಿಡ್ಡು ಉಳಿದರೆ ಯಾವ ಸೀಲೆಂಟೂ ಹಿಡಿಯುವುದಿಲ್ಲ. ಕ್ರ್ಯಾಂಕ್ ಹಾಕದೆ ಎರಡು ಹೋಳನ್ನೂ ಒಣದಾಗಿಯೇ ಕೂಡಿಸಿ, ಬೋಲ್ಟ್ ಹದವಾಗಿ ಬಿಗಿದು ಸುತ್ತಲೂ 0.05 ಮಿ.ಮೀ. ಫೀಲರ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಎಲ್ಲೂ ಒಳಗೆ ಹೋಗಬಾರದು. ಹೋದರೆ ಉಬ್ಬಿದ ಗಾಯ ಎಲ್ಲೋ ಇದೆ, ಎಣ್ಣೆಕಲ್ಲಿನಿಂದ ಅಷ್ಟನ್ನು ಮಾತ್ರ ತೀಡಿ. ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ ಇಡೀ ಹೋಳನ್ನು ಉಜ್ಜುವವರಿದ್ದಾರೆ. ಟೈಮಿಂಗ್ ಕವರಿಗೆ ಅದು ನಡೆಯುತ್ತದೆ. ಕ್ರ್ಯಾಂಕ್‌ಕೇಸ್ ಹೋಳಿಗೆ ಮಾಡಿದರೆ ಬೇರಿಂಗುಗಳ ನಡುವಿನ ಅಂತರ ಕಡಿಮೆಯಾಗಿ ಕ್ರ್ಯಾಂಕಿನ ಅಡ್ಡ ಆಟ ಕೆಡುತ್ತದೆ, ಬ್ಲಾಕ್ ಕೂರುವ ಬಾಯಿಯೂ ದುಂಡಗೆ ಉಳಿಯುವುದಿಲ್ಲ.

ಒಂದೇ ಹೋಳಿಗೆ, ಸುಮಾರು 1 ಮಿ.ಮೀ. ದಪ್ಪದ ಎಳೆ, ಬೋಲ್ಟ್ ತೂತುಗಳ ಸುತ್ತ ಬಳಸಿಕೊಂಡು. ಹಿಂಭಾಗದ ಆಯಿಲ್ ಕೋಣೆಯ ಒಳಗೋಡೆಗೂ ಹಚ್ಚಿ, ಬಹಳ ಜನ ಅಲ್ಲೇ ಮರೆಯುವುದು. ಅದು ಸೋರಿದರೆ ಹೊರಗೆ ತೊಟ್ಟೂ ಕಾಣದು, ನಿಲ್ಲಿಸಿದ ಗಾಡಿಯ ಆಯಿಲ್ ಸದ್ದಿಲ್ಲದೆ ಕ್ರ್ಯಾಂಕಿನ ಕಡೆಗೆ ಇಳಿದಿರುತ್ತದೆ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ, ಪ್ರತಿ ಸುತ್ತಿಗೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿ. ಒಂದು ರಾತ್ರಿ ಬಿಡಿ. ಅಲ್ಯೂಮಿನಿಯಂ ಮೇಲೆ ಇದು ಕಬ್ಬಿಣಕ್ಕಿಂತ ನಿಧಾನ, ಡಿಸೆಂಬರಿನ ಚಳಿಯಲ್ಲಿ ಇನ್ನೂ ನಿಧಾನ.

ಶಿವಾಜಿನಗರ_ಸ್ಪೇರ್ಸ್
ಶೆಲಾಕ್ ಅನ್ನು ಪೂರ್ತಿ ತಳ್ಳಿಹಾಕಬೇಡಿ ಸರ್. ಬ್ಲಾಕಿನ ಬುಡದ ಪೇಪರ್ ಪ್ಯಾಕಿಂಗಿಗೆ ತೆಳ್ಳಗೆ ಬಳಿದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮುಂದೆ ಬಿಚ್ಚುವಾಗ ಸ್ಪಿರಿಟ್ ಹಾಕಿದರೆ ಕರಗಿ ಬರುತ್ತದೆ.

ಕಾರ್ಕ್_ವಾಷರ್
ಬುಡದ ಪ್ಯಾಕಿಂಗಿಗೆ ಒಪ್ಪಿದೆ. ಆದರೆ ಸ್ಪಿರಿಟ್‌ನಲ್ಲಿ ಕರಗುತ್ತದೆ ಅಂದರೆ ಎಥನಾಲ್‌ನಲ್ಲೂ ಕರಗುತ್ತದೆ ಅಂತಲೇ ತಾನೆ? ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಪೆಟ್ರೋಲ್ ತಾಗುವ ಯಾವ ಜಾಯಿಂಟಿಗೂ ಶೆಲಾಕ್ ಬೇಡ: ಕಾರ್ಬ್ಯುರೇಟರ್ ಫ್ಲ್ಯಾಂಜ್, ಟ್ಯಾಂಕಿನ ಕಾಕ್. ಯೆಜ್ಡಿ, ಜಾವಾ ಕಟ್ಟುವವರಿಗೆ ಇದು ಇನ್ನೂ ಮುಖ್ಯ, ಟೂ ಸ್ಟ್ರೋಕಿನ ಕ್ರ್ಯಾಂಕ್‌ಕೇಸ್ ಒಳಗೇ ಪೆಟ್ರೋಲ್ ಓಡಾಡುತ್ತದೆ. ಅಲ್ಲಿ ಸೀಲ್ ಬಿಟ್ಟರೆ ಆಯಿಲ್ ತೊಟ್ಟಿಕ್ಕಿ ಸುಮ್ಮನಾಗುವುದಿಲ್ಲ, ಗಾಳಿ ಒಳಗೆ ಎಳೆದು ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮಾಮೂಲಿ ಸಿಲಿಕೋನ್ ಕೂಡ ಪೆಟ್ರೋಲಿಗೆ ಊದಿಕೊಂಡು ಮೆತ್ತಗಾಗುತ್ತದೆ.

ಟ್ಯಾಪೆಟ್_ಟಿಕ್
ಟೈಮಿಂಗ್ ಕವರ್ ಬಗ್ಗೆ ಯಾರೂ ಹೇಳಿಲ್ಲ. ಆ ಪೇಪರ್ ಪ್ಯಾಕಿಂಗಿನಲ್ಲಿ ಆಯಿಲ್ ಹಾದುಹೋಗುವ ತೂತುಗಳಿವೆ. ಹೊಸ ಪ್ಯಾಕಿಂಗ್ ಇಟ್ಟು ಪ್ರತಿ ತೂತೂ ಕೇಸಿನ ತೂತಿಗೆ ಸರಿಯಾಗಿ ಕೂತಿದೆಯಾ ನೋಡಿ, ಅಗ್ಗದ ಸೆಟ್‌ಗಳಲ್ಲಿ ಅರ್ಧ ಮುಚ್ಚಿರುವುದುಂಟು. ಸೀಲೆಂಟ್ ಹಾಕದೆ ಎರಡೂ ಕಡೆ ಗ್ರೀಸ್ ಸವರಿ ಕೂರಿಸಿದರೆ ಸಾಕು. ಅದಕ್ಕಿಂತ ಮುಖ್ಯ, ಕ್ರ್ಯಾಂಕ್ ತುದಿಗೆ ಒತ್ತುವ ಚಿಕ್ಕ ಕಾರ್ಕ್ ಸೀಲ್. ಅದು ಬಿಗ್ ಎಂಡಿಗೆ ಹೋಗುವ ಆಯಿಲನ್ನು ತಡೆದಿಡುವ ಸೀಲ್, ಹರಿದಿದ್ದರೆ ಆಯಿಲ್ ಟೈಮಿಂಗ್ ಗೇರುಗಳ ಮೇಲೆ ಚೆಲ್ಲಿ ಹೋಗುತ್ತದೆ. ಹೊಸದನ್ನು ಆಯಿಲ್‌ನಲ್ಲಿ ನೆನೆಸಿ ಹಾಕಿ. ಕವರ್ ಮುಚ್ಚುವಾಗ ಅದು ಸ್ವಲ್ಪ ಅದುಮಿಕೊಳ್ಳಬೇಕು.

ಪ್ರೈಮರಿ ಚೈನ್ ಕವರಿಗೆ ಏನೂ ಹಚ್ಚಬೇಡಿ. ನಡುವೆ ಒಂದೇ ನಟ್, ಸುತ್ತ ರಬ್ಬರ್. ಲೀಕ್ ಅಂತ ನಟ್ ಬಿಗಿದಷ್ಟೂ ಕವರ್ ಬಾಗಿ ಅಂಚು ಎದ್ದು ಇನ್ನೂ ಸೋರುತ್ತದೆ. ರಬ್ಬರ್ ಬದಲಿಸಿ.

ಗುಡುಗುಡು_350
ತುಂಬ ಉಪಕಾರ. ಹೆಡ್ ಉಳಿಯಿತು. ಮತ್ತೆ, ಬಿಚ್ಚುವ ಮೊದಲು ಎಲ್ಲ ಜಾಯಿಂಟಲ್ಲೂ ಒಂದೊಂದು ಚೂರು ಜಿನುಗುತ್ತಿತ್ತು. ಎಲ್ಲ ಸೀಲೆಂಟೂ ಒಟ್ಟಿಗೆ ಕೆಟ್ಟಿರುತ್ತಾ?

ಕಾರ್ಕ್_ವಾಷರ್
ಎಲ್ಲ ಕಡೆ ಒಟ್ಟಿಗೆ ಜಿನುಗಿದರೆ ಮೊದಲು ಬ್ರೀದರ್ ನೋಡಿ. ಪಿಸ್ಟನ್ ಕೆಳಗೆ ಬಂದಾಗ ಕೇಸಿನ ಗಾಳಿ ಹೊರಗೆ ಹೋಗಬೇಕು, ಮೇಲೆ ಹೋದಾಗ ವಾಪಸ್ ಬರಬಾರದು. ಪೈಪ್ ಕಟ್ಟಿಕೊಂಡಿದ್ದರೆ ಅಥವಾ ರಬ್ಬರ್ ವಾಲ್ವ್ ಗಟ್ಟಿಯಾಗಿದ್ದರೆ ಒಳಗಿನ ಒತ್ತಡ ಯಾವ ಸೀಲೆಂಟನ್ನೂ ಬಿಡುವುದಿಲ್ಲ. ರಿಂಗ್ ಸವೆದಿದ್ದರೂ ಇದೇ ಪಾಡು.

ಹೆಡ್ಡಿಗೆ ಏನೂ ಬೇಡ, ಒಣದೇ. ತಾಮ್ರದ ಪ್ಯಾಕಿಂಗ್ ಮತ್ತೆ ಹಾಕುವುದಾದರೆ ಮಸುಕು ಕೆಂಪಾಗುವ ತನಕ ಕಾಯಿಸಿ ನೀರಿಗೆ ಅದ್ದಿ, ಮೆತ್ತಗಾಗುತ್ತದೆ. ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ತೆಗೆದು, ರಾಕರ್ ಆಯಿಲ್ ಪೈಪಿನ ಬ್ಯಾಂಜೋ (ಪೈಪಿನ ತುದಿ ಹಿಡಿದಿಡುವ ತೂತಿನ ಬೋಲ್ಟ್) ಸಡಿಲಿಸಿ, ಅಲ್ಲಿ ಆಯಿಲ್ ಕಾಣುವ ತನಕ ಕಿಕ್ ಹೊಡೆಯಿರಿ. ಮೊದಲ ಸಲ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ ಮತ್ತೆ ಬಿಗಿಯಿರಿ, ಟ್ಯಾಪೆಟ್ ಸಂದಿ ಸರಿಮಾಡುವುದು ಅದಾದ ಮೇಲೆ.