ಸಹಾಯ ಬೇಕು: ತಮಿಳುನಾಡಿನ ತಾಳವಾಡಿ ಕಡೆಯ ಮೇಷ್ಟ್ರುಗಳು ಯಾರಾದರೂ ಇದ್ದೀರಾ?

ಹೊಸೂರು ಸುತ್ತಮುತ್ತಲ ಸಿದ್ಧ ಉಡುಪು ಕಾರ್ಖಾನೆಗಳ ತಪಾಸಣೆ ನನ್ನ ಕೆಲಸ. ಮೊನ್ನೆ ಒಂದು ಕಡೆ ದಾರದ ತುದಿ ಕತ್ತರಿಸುವ ಮೇಜಿನ ಬಳಿ 20 ಜನರಿದ್ದರು, ಗೋಡೆ ಬದಿಯಲ್ಲಿ ಊಟದ ಡಬ್ಬಿಗಳು ಮಾತ್ರ 26! ಉಳಿದವರೆಲ್ಲಿ ಎಂದರೆ ಮೇಲ್ವಿಚಾರಕರು ಚಹಾ ತರಿಸಿದರು. ಇದ್ದವರಲ್ಲೇ ತೀರಾ ಚಿಕ್ಕವಳಂತೆ ಕಂಡ ಹುಡುಗಿಯನ್ನು ಕನ್ನಡದಲ್ಲಿ ಮಾತನಾಡಿಸಿದೆ. ವಯಸ್ಸು 19 ಎಂದು ಪಾಠ ಒಪ್ಪಿಸಿದಳು. ಹುಟ್ಟಿದ ವರ್ಷ ಕೇಳಿದಾಗ ಮೇಲ್ವಿಚಾರಕರ ಮುಖ ನೋಡಿದಳು. ಕಡತದಲ್ಲಿರುವುದು ಆಧಾರ್ ಪ್ರತಿ ಒಂದೇ, ಜನ್ಮದಿನ ಜನವರಿ 1 (ಸರಿಯಾದ ದಿನ ಗೊತ್ತಿಲ್ಲದಾಗ ಸಾಮಾನ್ಯವಾಗಿ ಹಾಕುವ ದಿನಾಂಕ). ವಯಸ್ಸು ನಿರ್ಧರಿಸಲು ಆಧಾರ್‌ಗಿಂತ ಶಾಲಾ ದಾಖಲೆಯೇ ಮುಖ್ಯವೆಂದು ಸುಪ್ರೀಂ ಕೋರ್ಟ್ 2024ರಲ್ಲೇ ಹೇಳಿದೆ.

ಹುಡುಗಿ ಓದಿದ್ದು ತಾಳವಾಡಿ ಕಡೆಯ ಕನ್ನಡ ಶಾಲೆಯಲ್ಲಂತೆ. ಅಲ್ಲಿನ ದಾಖಲಾತಿ ಪುಸ್ತಕ ಪರಿಶೀಲಿಸಲು ಯಾರಿಗೆ ಅರ್ಜಿ ಕೊಡಬೇಕು? ಸಂಶಯವಿದ್ದುದರಿಂದ ಮಕ್ಕಳ ಸಹಾಯವಾಣಿ 1098ಕ್ಕೆ ಆಗಲೇ ಕರೆ ಮಾಡಿದ್ದೇನೆ. ಹುಡುಗಿಯ ಹೆಸರು ದಯವಿಟ್ಟು ಕೇಳಬೇಡಿ.